ಗಾಜಿನ ಬಟ್ಟಲಿನ ಮಗು ಹುಟ್ಟಿದ ವರ್ಷ

ಓಲ್ಡಮ್, ಡಿಸೆಂಬರ್ 29, 1978

ವಿಲ್ಫ್,

ನೀನು ಸತ್ತು ಎರಡು ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ವರ್ಷ ವೈದ್ಯರು ಸಾಧಿಸಿದ್ದೆಲ್ಲ ಇವತ್ತಿನ ಪತ್ರಿಕೆಯಲ್ಲಿ ಬಂದಿತ್ತು. ಮೊದಲನೆಯದೇ ನಮ್ಮೂರ ಆಸ್ಪತ್ರೆಯಲ್ಲಿ ಹುಟ್ಟಿದ ಮಗು, ಗಾಜಿನ ಬಟ್ಟಲಲ್ಲಿ ಭ್ರೂಣ ಮೂಡಿಸಿ ತಾಯಿಯ ಗರ್ಭಕ್ಕೆ ಸೇರಿಸಿದ್ದು. ತಾಯಿಯ ಗರ್ಭನಾಳ ಮುಚ್ಚಿಹೋಗಿತ್ತಂತೆ. ಅವಳಿಗೆ ಈ ಚಿಕಿತ್ಸೆ ಸಿಕ್ಕಿತು. ಮೂವತ್ತು ವರ್ಷ ಮೊದಲು ನನಗೇಕೆ ಸಿಗಲಿಲ್ಲ? ಅವಳ ಹೆಸರು ಕಂಡರೆ ಪತ್ರಿಕೆ ಮಡಚಿಡುತ್ತೇನೆ. ಮುಚ್ಚುವುದೇಕೆ, ನನಗೆ ಹೊಟ್ಟೆಕಿಚ್ಚು.

ಮಗ್ಗಗಳ ಗದ್ದಲದಲ್ಲಿ ನಾವು ನೇಯುವವರು ಸದ್ದಿಲ್ಲದೆ ತುಟಿಯಾಡಿಸಿಯೇ ಮಾತಾಡುವುದು ನಿನಗೆ ಗೊತ್ತಲ್ಲ. ಇವತ್ತು ಗಿರಣಿಯಲ್ಲಿ, ನನಗೂ ಕಾಣುತ್ತದೆ ಎಂಬುದನ್ನು ಮರೆತು, ಪಕ್ಕದ ಮಗ್ಗದ ಹಿಲ್ಡಾ ಆಚೆ ಮಗ್ಗದ ಮೇವಿಸ್‌ಗೆ ನನ್ನ ಬಗ್ಗೆ ಹೇಳಿದಳು: "ಎಥೆಲ್ ಪಾಪ ಕಣೇ. ಆಗ ಇದೆಲ್ಲ ಇದ್ದಿದ್ರೂ ಏನುಪಯೋಗ? ಕೊರತೆ ಗಂಡಂದು."

"ಒಳ್ಳೆ ಮನುಷ್ಯ ಬಿಡು," ಎಂದಳು ಮೇವಿಸ್. "ಲಾಳಿ ಓಡ್ತಿತ್ತು, ನೂಲೇ ಇರ್ಲಿಲ್ಲ."

ಇಬ್ಬರೂ ನಕ್ಕರು.

ನಾಳ ಮುಚ್ಚಿದ್ದು ನನ್ನದೇ ಎಂದು ಡಾಕ್ಟರು ಅಂದೇ ಹೇಳಿದ್ದರು. ಎಲ್ಲರೂ ನಿನ್ನತ್ತ ಬೆರಳು ತೋರಿಸಿದಾಗಲೂ ನಾನು ಯಾರಿಗೂ ಹೇಳಲಿಲ್ಲ, ನಿನಗೂ. ನಿನ್ನದೇ ಕೊರತೆ ಎಂದುಕೊಂಡೇ ನೀನು ಹೋದೆ.

ಹಿಲ್ಡಾ ನನ್ನತ್ತ ತಿರುಗಿ ಬೆಚ್ಚಿದಳು. ನಿಜ ಹೇಳಲೆಂದು ನಾನು ಬಾಯಿ ತೆರೆದೆ.

"ನಿನ್ನ ಎಳೆ ಹರಿದಿದೆ, ನೋಡ್ಕೋ," ಎಂದಷ್ಟೇ ಹೇಳಿದೆ.

ಎಥೆಲ್