ಕೂತಾಗಿನ ಅಳತೆ

ಜನವರಿ 11, ಭಾನುವಾರ. ಸಂಜೆ

ಎರಡನೇ ಭಾನುವಾರವೂ ಮುಗಿಯಿತು. ಲಕ್ಷ್ಮೇಶ್ವರದಿಂದ ಬೆಟಗೇರಿಯವರೆಗೆ ಮಗಳು ರೋಜಾಳ ಬೈಕಿನ ಹಿಂದೆ ಕೂತು ಹೋಗಿ ಬಂದೆ. ಸೊಂಟ ಇನ್ನೂ ನನ್ನದು ಅನಿಸುತ್ತಿಲ್ಲ. ಸಸ್ಪೆನ್ಷನ್ ಕಲಿಸುವ ವರ್ಕ್‌ಶಾಪಂತೆ. ಮೊದಲು ಈ ರಸ್ತೆಗೊಂದು ಹಾಕಿಸಬೇಕು.

ಕಲಿಸುವವನು ತಾರೀಖ. ಪುಣೆಯಲ್ಲಿ ರೇಸ್ ಗಾಡಿ ಕಟ್ಟುತ್ತಿದ್ದವನು, ಈಗ ಬೆಟಗೇರಿಯಲ್ಲಿ ಸ್ವಂತ ಶೆಡ್. ಮಾತು ಜೋರು. "ನೋಡೂದಲ್ಲ, ಬಿಚ್ಚೂದು!" ಅದೊಂದೇ ಪಾಠ. ಇವತ್ತು ರೋಜಾ ತನ್ನ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ತಾನೇ ಬಿಚ್ಚಿದಳು. ಮೊಣಕೈವರೆಗೂ ಆಯಿಲ್. ಮುಖದಲ್ಲಿ ಅಂಥ ಖುಷಿ ನೋಡಿ ವರ್ಷವಾಗಿತ್ತು.

ಆಮೇಲೆ ಅಳತೆ. ಗಾಡಿ ಎತ್ತಿ ಹಿಂದಿನ ಗಾಲಿ ನೇತಾಡುವಾಗ ಒಮ್ಮೆ ಅಳೆಯಬೇಕು — ಗಾಲಿಯ ನಡುವಿನಿಂದ ನೆಟ್ಟಗೆ ಮೇಲೆ, ಮಡ್‌ಗಾರ್ಡಿನ ಗುರುತಿನವರೆಗೆ. ಸವಾರ ಕೂತ ಮೇಲೆ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸ ಅಂದರೆ ಗಾಡಿ ಅಷ್ಟು 'ಕೂತಿತು' ಎಂದು. ರೋಜಾಳ ಗಾಡಿಗೆ ಐವತ್ತೈದು ಮಿಲಿಮೀಟರ್ ಆಸುಪಾಸು ಇರಬೇಕು. ಹೆಚ್ಚು ಕೂತರೆ ಸ್ಪ್ರಿಂಗಿನ ಮೇಲಿನ ರಿಂಗ್ ಬಿಗಿ ಮಾಡಬೇಕು, ಮತ್ತೆ ಅಳೆಯಬೇಕು.

"ಗಾಡಿ ಮ್ಯಾಲ ಕುಂತಾವ್ರು ತಮ್ಮ ಅಳತಿ ತಾವ ನೋಡಾಕ ಬರಂಗಿಲ್ಲ," ಎಂದ ತಾರೀಖ. "ಬಗ್ಗಿದ್ರ ಭಾರ ಬದಲಾಕ್ಕೈತಿ. ಅದಕ್ಕ ಹೇಳಿದ್ದು, ನಂಬಿಗಿ ಮಂದಿನ್ನ ಕರ್ಕೊಂಡ ಬರ್ರಿ ಅಂತ."

"ನಮ್ಮಪ್ಪ ಸರ್ವೇದಾಗ ಅದಾನ್ರಿ," ಎಂದಳು ರೋಜಾ. "ಹೊಲಾ ಅಳದ ಅಳದ ಕೂದ್ಲ ಬೆಳ್ಳಗ ಆಗ್ಯಾವ. ಅವನ ಟೇಪ್ ತಪ್ಪಂಗಿಲ್ಲ."

ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ.

ಜನವರಿ 14, ಬುಧವಾರ

ನಾಳೆ ಸಂಕ್ರಾಂತಿ. ಹೆಂಡತಿ ಹನಮಂತವ್ವ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹತ್ತಿರ ಹೋಗಿ ಕೂತೆ. ಕೂರಬಾರದಿತ್ತು.

"ಇಪ್ಪತ್ತೈದಕ್ಕ ಮುಂಡರಗ್ಯಾಗ ರೇಸ್ ಅಂತಲ್ರಿ. ಖಬರ ನನಗ ಊರಾಗಿಂದ ಬರಬೇಕೇನು?"

ಒಲೆಯೊಳಗೆ ಕಟ್ಟಿಗೆ ಸರಿಸಿದೆ.

"ಹೋದ ವರ್ಷ ಭುಜದ ಎಲುಬು ಮುರದು ರಾಡ್ ಹಾಕ್ಯಾರ. ಆ ರಾಡ್ ಇನ್ನೂ ಒಳಗೈತಿ. ನೀವು ಟೇಪ್ ಹಿಡ್ಕೊಂಡ ಹಿಂದ ತಿರಗ್ರಿ. ನಾಳೆ ಚಟ್ಟದ ಅಳತೀನೂ ನೀವ ಹಿಡೀರಿ."

ರೊಟ್ಟಿ ಬಡಿಯುವ ಕೈ ನಿಲ್ಲಲೇ ಇಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಎದ್ದು ಬಂದೆ. ಮಗಳು ಬಿದ್ದ ದಿನ ಆಸ್ಪತ್ರೆಯಲ್ಲಿ ಅವಳ ಬೂಟು ಬಿಚ್ಚಿದವನು ನಾನು. ಅಂಜಿಕೆ ಇವಳೊಬ್ಬಳಿಗೇ ಅಂದುಕೊಂಡಿದ್ದಾಳೆ.

ರೋಜಾಗೆ ಬೇಡ ಅಂದರೆ? ಇಪ್ಪತ್ತಮೂರು ವರ್ಷ. ಕೇಳುವುದಿಲ್ಲ. ಕೇಳಿದರೂ ಜೀವನಪೂರ್ತಿ ಮುಖ ಗಂಟಿಕ್ಕಿಕೊಂಡಿರುತ್ತಾಳೆ... ತಾನಾಗಿಯೇ ಬಿಡಬೇಕು.

ಜನವರಿ 18, ಭಾನುವಾರ

ಬರೆಯಲೋ ಬೇಡವೋ.

ಶಾಕ್ ಹೊಸದಾಗಿ ಕಟ್ಟಿದ್ದರಿಂದ ರಿಂಗ್ ಸಡಿಲವಿತ್ತು. ಸ್ವಲ್ಪ ಬಿಗಿ ಮಾಡುವುದು, ಅಳೆಯುವುದು, ಮತ್ತೆ ಬಿಗಿ ಮಾಡುವುದು. ಹ್ಯಾಂಡಲ್ ಹಿಡಿದಿದ್ದ ತಾರೀಖನನ್ನು ಕೇಳಿದೆ — ಹಿಂದೆ ಹೆಚ್ಚು ಕೂತರೆ ಏನಾಗುತ್ತದೆ?

"ಮುಂದಿನ ಗಾಲಿ ಹಗರ ಆಕ್ಕೈತಿ. ತಿರುವಿನ್ಯಾಗ ಗಾಡಿ ಹೊರಗ ಎಳೀತೈತಿ. ಟೈಮ್ ಹೊಕ್ಕೈತಿ, ಕಾಕಾ."

ಟೈಮ್ ಹೋಗುತ್ತದೆ. ಅದೊಂದೇ ಮಾತು ಕಿವಿಯಲ್ಲಿ ನಿಂತಿತು.

ಮೂರನೇ ಸಲ ಅಳೆದೆ. ರೋಜಾ ಹೆಲ್ಮೆಟ್, ಜಾಕೆಟ್ ಎಲ್ಲ ಹಾಕಿ ಗೊಂಬೆಯ ಹಾಗೆ ನೆಟ್ಟಗೆ ಕೂತಿದ್ದಳು. ಎದುರಿನ ಗೋಡೆ ನೋಡುತ್ತಿದ್ದಳು. ನಾನು ನೆಲಕ್ಕೆ ಮಂಡಿಯೂರಿದ್ದೆ. ವ್ಯತ್ಯಾಸ ಎಪ್ಪತ್ತು ದಾಟಿತ್ತು.

"ಎಷ್ಟೈತಿ, ಅಪ್ಪಾ?"

"ಐವತ್ತೈದು."

ಅಷ್ಟೇ. ದನಿ ನಡುಗಲಿಲ್ಲ. ಇಳಿದು ತಾನೇ ರಿಂಗ್ ಲಾಕ್ ಮಾಡಿದಳು. ಹಿಂದಿರುಗುವಾಗ ಮುಳಗುಂದದಲ್ಲಿ ಮಿರ್ಚಿ ಕೊಡಿಸಿದಳು. ತಿಂದೆ.

ಸಾವಕಾಶ ಓಡುತ್ತಾಳೆ, ಸೋಲುತ್ತಾಳೆ, ಬೇಜಾರಾಗಿ ಬಿಡುತ್ತಾಳೆ. ಯಾರಿಗೂ ಏನೂ ಆಗುವುದಿಲ್ಲ. ಇಷ್ಟೇ ನನ್ನ ಲೆಕ್ಕ.

ಜನವರಿ 19, ಸೋಮವಾರ

ಯಳವತ್ತಿಯಲ್ಲಿ ಅಣ್ಣ ತಮ್ಮಂದಿರ ಬದುವಿನ ಜಗಳ. ಅಳೆದೆ. ತಮ್ಮನದು ಒಂದೂವರೆ ಅಡಿ ಹೋಯಿತು. ಕೂಗಾಡುತ್ತಾನೆ ಅಂದುಕೊಂಡೆ. ಅವನು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ಲಕ್ಷ್ಮಪ್ಪ ಸಾಹೇಬ್ರು ಹೇಳಿದ್ಮ್ಯಾಲ ಆತ ಬಿಡ್ರಿ."

ಚಹಾ ತಂದರು. ಲೋಟ ಹಾಗೇ ಕೆಳಗಿಟ್ಟೆ. ಆಫೀಸಿಗೆ ತಡವಾಯಿತು ಎಂದು ಶಿರಹಟ್ಟಿಗೆ ಹೊರಟೆ. ತಡವೇನೂ ಆಗಿರಲಿಲ್ಲ.

ಜನವರಿ 21, ಬುಧವಾರ

ಕಳಸಾಪುರದ ಆಚೆ, ಪಾಳು ಬಿಟ್ಟ ಕಲ್ಲಿನ ಕ್ವಾರಿಯ ನೆಲದಲ್ಲಿ ಪ್ರ್ಯಾಕ್ಟೀಸ್. ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನೆಟ್ಟಗಿನ ದಾರಿಯಲ್ಲಿ ಚೆನ್ನಾಗಿಯೇ ಹೋದಳು. ಪ್ರತಿ ತಿರುವಿನಲ್ಲೂ ಹೊರಗೆ, ಹೊರಗೆ. ಬ್ರೇಕ್ ಹಿಡಿದು ಮತ್ತೆ ಒಳಗೆ. ಟೈಮ್ ಹೋಯಿತು, ನಾನು ಬಯಸಿದ ಹಾಗೇ.

ಬಂದು ಪಕ್ಕದಲ್ಲಿ ಕೂತಳು. ಹೆಲ್ಮೆಟ್ ತೆಗೆಯಲಿಲ್ಲ.

"ಅಪ್ಪಾ, ಬಿದ್ದಾಗಿಂದ ನನ್ನೊಳಗ ಅಂಜಿಕಿ ಹೊಕ್ಕೈತಿ. ಗಾಡಿ ಚಲೋ ಐತಿ. ನನಗ ತಿರಗಸಾಕ ಬರವಲ್ದು."

"ಮತ್ತೊಮ್ಮೆ ಅಳ್ಯೂಣೇನು?" ಎಂದೆ. ಎಲ್ಲಿಂದ ಬಂತೋ ಮಾತು.

"ಬ್ಯಾಡ. ನೀನ ಅಳದೀದಿ. ಮತ್ತೇನ ನೋಡೂದು?"

ಹೆಲ್ಮೆಟ್ಟಿನ ಒಳಗೆ ಅಳುತ್ತಿದ್ದಳು. ಗಾಜು ಮಬ್ಬಾಗಿತ್ತು. ಅವಳು ಗಾಡಿ ಬಿಡಲಿ ಎಂದು ಬಯಸಿದ್ದೆ. ತನ್ನ ಮೇಲಿನ ನಂಬಿಕೆಯನ್ನೇ ಬಿಡಲಿ ಎಂದಲ್ಲ. ನನಗೆ ನನ್ನದೇ ಹೇಸಿಗೆ.

ಜನವರಿ 24, ಶನಿವಾರ. ಮಧ್ಯಾಹ್ನ

ಹೇಳಬೇಕೆಂದೇ ಅಂಗಳಕ್ಕೆ ಹೋದೆ. ಗಾಡಿಯನ್ನು ಟೆಂಪೋಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಳು.

"ಅಪ್ಪಾ, ನಾಳೆ ಒಂದ ಕೊನೀದು. ಚಲೋ ಆಗಲಿಲ್ಲಂದ್ರ ಗಾಡಿ ಮಾರಿಬಿಡ್ತೀನಿ. ಅವ್ವಗೂ ಹೇಳೀನಿ."

ಅಡುಗೆಮನೆಯಲ್ಲಿ ಹನಮಂತವ್ವ ಹಾಡು ಗುನುಗುತ್ತಿದ್ದಳು. ಎಷ್ಟು ದಿನಕ್ಕೆ ಕೇಳಿದ ಹಾಡು. ಇನ್ನೊಂದೇ ದಿನ. ಗೆದ್ದೆನಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದುಕೊಟ್ಟೆ.

ಜನವರಿ 30, ಶುಕ್ರವಾರ

ಐದು ದಿನ ಈ ಪುಸ್ತಕ ಮುಟ್ಟಲಿಲ್ಲ.

ಮುಂಡರಗಿಯ ಟ್ರ್ಯಾಕ್. ಎರಡನೇ ಸುತ್ತು. ಎಡತಿರುವು. ಬೇರೆಯವರು ಒಳಗಿಂದ ತಿರುಗಿದರು. ಇವಳು ಈ ಸಲ ಬ್ರೇಕ್ ಹಿಡಿಯಲಿಲ್ಲ — ಅಂಜಿಕೆ ಬಿಡಬೇಕು ಎಂದು ಹಟ ಹಿಡಿದಳಂತೆ. ಗಾಡಿ ಹೊರಗೆ ಎಳೆಯಿತು. ಮುಂದಿನ ಗಾಲಿ ಜಾರಿತು, ಬಿದ್ದಳು. ಬದಿಗೆ ಕಟ್ಟಿದ ಹಗ್ಗದ ಆಚೆ ಮಂದಿ ನಿಂತಿದ್ದರು, ಸಣ್ಣ ಮಕ್ಕಳೂ ಇದ್ದರು. ಹಗ್ಗಕ್ಕೂ ಗಾಡಿಗೂ ನಡುವೆ ಒಂದು ಮಾರು ಉಳಿದಿತ್ತು. ನನ್ನ ಕಣ್ಣಿನ ಅಳತೆ, ಅದಾದರೂ ಖರೆ.

ಗದಗಿನಲ್ಲಿ ಎಕ್ಸ್‌ರೇ ಫೋಟೋ ತೆಗೆದರು. ಎಲುಬು ಸರಿ ಇದೆ. ಕಾಲಿನ ಗಿಣ್ಣು ಊದಿ ಕುಂಬಳಕಾಯಿ. ಪಟ್ಟಿ ಕಟ್ಟಿದ್ದಾರೆ, ಮೂರು ವಾರ ಊರಬಾರದು.

ಟೈಮ್ ಹೋಗುತ್ತದೆ ಅಂದುಕೊಂಡಿದ್ದೆ. ನನ್ನ ಅಳತೆ ಯಾವತ್ತೂ ಕಾಗದದ ಮೇಲೆ ಇರುವಂಥದ್ದು. ತಪ್ಪಾದರೆ ಅರ್ಜಿ ಕೊಡುತ್ತಾರೆ, ಮತ್ತೆ ಹೋಗಿ ಅಳೆಯುತ್ತೇವೆ. ಮಗಳು ನನ್ನ ಅಳತೆಯ ಮೇಲೆ ಕೂತು ಓಡಿದ್ದಳು.

ಫೆಬ್ರವರಿ 2, ಸೋಮವಾರ

ಹೇಳಿದೆ. ಬೆಳಿಗ್ಗೆ, ಚಹಾ ಕೊಟ್ಟು, ನಿಂತುಕೊಂಡೇ. ಹನಮಂತವ್ವ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಅವಳೂ ಕೇಳಲಿ ಎಂದೇ ಹೇಳಿದೆ.

ರೋಜಾ ಬೈಯಲಿಲ್ಲ. ಒಂದೇ ಕೇಳಿದಳು.

"ಖರೆ ಎಷ್ಟಿತ್ತು?"

"ಎಪ್ಪತ್ತೆರಡು."

ತಲೆಯಾಡಿಸಿದಳು. ಕ್ವಾರಿಯ ತಿರುವುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಸುತ್ತಿ ಬಂದವಳ ಹಾಗೆ ಕಂಡಳು. "ಹಂಗಾದ್ರ ನನ್ನ ಕೈ ಸರಿ ಇತ್ತು," ಎಂದಳು, ನನಗಲ್ಲ. ಗೋಡೆ ಕಡೆ ಹೊರಳಿ ಮಲಗಿದಳು.

ಹನಮಂತವ್ವಳಾದರೂ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳ ಸಲುವಾಗಿಯೇ ಅಲ್ಲವೇ...

"ನಾ ಬ್ಯಾಡ ಅಂದಿದ್ದೆ," ಎಂದಳು. "ಮೋಸ ಮಾಡ್ರಿ ಅಂದಿದ್ನೇನು?"

ಸುಲಿದ ಕಾಳು ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ 9

ಮಾತಾಡುತ್ತಾಳೆ. ನೀರು ಕೊಡು, ಫ್ಯಾನ್ ಹಾಕು. ಅಪ್ಪಾ ಅನ್ನುವುದಿಲ್ಲ.

ಫೆಬ್ರವರಿ 15, ಭಾನುವಾರ

ತಾರೀಖ ಬಂದಿದ್ದ. ಗಾಡಿ ಮಾರುವ ಮಾತು ಇಲ್ಲ. ಬಾಗಿದ ಹ್ಯಾಂಡಲ್ ಸರಿಮಾಡಿ ಹೋದ. ನನಗೆ "ಬರ್ತೀನ್ರಿ" ಅಂದ. ಕಾಕಾ ಅನ್ನಲಿಲ್ಲ. ಅವನಿಗೂ ಹೇಳಿರಬೇಕು. ಹೇಳಲಿ.

ಫೆಬ್ರವರಿ 22, ಭಾನುವಾರ. ಬೆಳಿಗ್ಗೆ

ಅಂಗಳದಲ್ಲಿ ಸದ್ದು ಕೇಳಿ ಹೊರಗೆ ಬಂದೆ. ರೋಜಾ ಗಾಡಿಯ ಮೇಲೆ, ಪೂರ್ತಿ ಡ್ರೆಸ್. ಪಕ್ಕದ ಮನೆಯ ಬಾನುಬಿ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಉಸಿರು ಬಿಗಿದುಕೊಂಡು ನಿಂತಿದ್ದಾಳೆ. ಹಿಂದೆ, ಸೀರೆ ಎತ್ತಿ ಕಟ್ಟಿ, ನೆಲಕ್ಕೆ ಮಂಡಿಯೂರಿ ಹನಮಂತವ್ವ. ಕೈಯಲ್ಲಿ ಟೇಪ್. ಗಾಡಿಯ ಹೆಸರು ಕೇಳಿದರೆ ಉರಿಯುತ್ತಿದ್ದವಳು.

ಕನ್ನಡಕ ಮೂಗಿನ ತುದಿಗೆ. ಒಂದೊಂದೇ ಅಂಕಿಯನ್ನು ಬೆರಳಿಟ್ಟು, ದೊಡ್ಡ ದನಿಯಲ್ಲಿ ಓದುತ್ತಿದ್ದಳು. ರೋಜಾ ಗೋಡೆ ನೋಡುತ್ತಾ ಕಿವಿಗೊಟ್ಟಿದ್ದಳು.

ಬಾಗಿಲಲ್ಲೇ ನಿಂತೆ. ಯಾರೂ ಕರೆಯಲಿಲ್ಲ.

ಆಗ ಕಂಡಿತು. ಟೇಪ್ ನೆಟ್ಟಗಿಲ್ಲ. ಮೇಲಿನ ತುದಿ ಸೀಟಿನ ಕಡೆ ಸರಿದಿದೆ. ಓರೆ ಹಿಡಿದರೆ ಉದ್ದ ಹೆಚ್ಚು ಬರುತ್ತದೆ, ಗಾಡಿ ಕಡಿಮೆ ಕೂತ ಹಾಗೆ ತೋರುತ್ತದೆ. ನಾನು ಬೇಕೆಂದು ಮಾಡಿದ್ದನ್ನೇ ಇವಳು ಗೊತ್ತಿಲ್ಲದೆ ಮಾಡುತ್ತಿದ್ದಾಳೆ. ಮಧ್ಯಾಹ್ನ ಕ್ವಾರಿಗೆ ಹೋಗುತ್ತಾಳಂತೆ.

"ಟೇಪ್ ಓರೆ ಐತಿ," ಎಂದೆ.

ಬಾನುಬಿ ತಲೆ ತಗ್ಗಿಸಿದಳು. ರೋಜಾ ನನ್ನ ಕಡೆ ತಿರುಗಲಿಲ್ಲ.

"ಅವ್ವಾ," ಎಂದಳು, "ಓರೆ ಐತೇನು? ನೀ ನೋಡಿ ಹೇಳು."

ಹನಮಂತವ್ವ ಟೇಪ್ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಟೇಪ್ ನೋಡಿ, ಮೇಲಿನ ತುದಿಯನ್ನು ಗುರುತಿಗೆ ನೆಟ್ಟಗೆ ಹಿಡಿದು, ಮೊದಲಿನಿಂದ ಓದತೊಡಗಿದಳು.