ಐದು ಗುಪ್ಪೆಯ ನೆಲ

ಅಶೈಮಾನ್
ಜೂನ್ ೧೪, ಶುಕ್ರವಾರ, ಮಧ್ಯಾಹ್ನ

ನನ್ನ ಪ್ರೀತಿಯ ಅವ್ವ,

ಈ ಕಾಗದವನ್ನು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನಗೆ ಕಾಯಿಲೆಯಿಲ್ಲ. ಇದು ನಾವು ನೆಲ ಹಾಕುತ್ತಿರುವ ಹೊಸ ಆಸ್ಪತ್ರೆ. ಸೆಲೊರ್ಮ್ ಅಣ್ಣನ ವ್ಯಾನು ಎರಡು ಗಂಟೆಗೆ ನಮ್ಮ ಹೊಹೋಯ್‌ಗೆ ಹೊರಡುತ್ತದೆ, ಅಷ್ಟರೊಳಗೆ ಮುಗಿಸಿ ಅವನ ಕೈಗೆ ಕೊಡಬೇಕು. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ, ಬಾಯಿ ಮುಚ್ಕೊಂಡು ಕಲಿತು ಬಾ, ಅನ್ನುತ್ತೀಯ. ನಿನ್ನ ಪ್ರಾರ್ಥನಾ ಪುಸ್ತಕ ಓದುವಷ್ಟೇ ನಿಧಾನವಾಗಿ, ಕೊನೆಯ ತನಕ ಓದು.

ನಾಳೆ ಸಂಜೆ ನಮಗೆ ಕಲಿಸುವ ಅಮುಜು ಮೇಸ್ತ್ರಿ ನಿನಗೆ ಫೋನ್ ಮಾಡಬಹುದು. ಅವರ ಮಾತಿಗಿಂತ ಮೊದಲು ನನ್ನ ಮಾತು ನಿನಗೆ ತಲುಪಬೇಕು. ನಾಳೆ ನಮ್ಮ ಪರೀಕ್ಷೆಯ ನೆಲ ನೋಡುತ್ತಾರೆ. ಪಾಸಾದರೆ ಸರ್ಟಿಫಿಕೇಟು ಸಿಗುತ್ತದೆ. ಇಲ್ಲದಿದ್ದರೆ ಆರು ತಿಂಗಳ ಕಲಿಕೆ ಮಣ್ಣುಪಾಲು. ಸರ್ಟಿಫಿಕೇಟಿಲ್ಲದ ಹುಡುಗಿಯ ಕೈಗೆ ಯಾವ ಕಂಟ್ರಾಕ್ಟರೂ ಕರಣೆ ಕೊಡುವುದಿಲ್ಲ, ಪೊರಕೆ ಕೊಡುತ್ತಾನೆ. ನಮ್ಮೂರಲ್ಲಿ ಟೈಲ್ಸ್ ಹಾಕುವ ಮೊದಲ ಹೆಂಗಸು ನನ್ನ ಮಗಳು ಎಂದು ನೀನು ಚರ್ಚಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀಯ. ಅದು ನನಗೆ ನೆನಪಿದೆ.

ಈಸ್ಟರ್ ರಜದಲ್ಲಿ ನಾನು ನಿನ್ನ ಊಟದ ಅಂಗಡಿಗೆ ಹಾಕಿಕೊಟ್ಟ ನೆಲದ ಬಗ್ಗೆ ಹೋದ ಭಾನುವಾರ ನೀನು ಫೋನಿನಲ್ಲಿ ತುಂಬ ಹೊಗಳಿದೆ. ಮಳೆಗಾಲ ಅಂತ ಒರಳನ್ನು ಒಳಗೇ ತಂದಿಟ್ಟಿದ್ದೇವೆ, ನಿನ್ನ ತಮ್ಮ ಎಡೆಮ್ ಬೆಂದ ಮರಗೆಣಸು ಹಾಕಿ ಫುಫು ಕುಟ್ಟುವಾಗ ಹೊಸ ನೆಲ ಡೋಲಿನ ಹಾಗೆ ಸದ್ದು ಮಾಡುತ್ತೆ, ಗಿರಾಕಿಗಳು ಕೂತಲ್ಲೇ ತಾಳ ಹಾಕ್ತಾರೆ ಎಂದೆ. ಆಗ ಕೇಳಿ ನಾನೂ ಹಿಗ್ಗಿದೆ. ಆ ಸದ್ದಿನ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲಿನಿಂದಲೂ ಈ ತರಬೇತಿಯ ಮೇಲೆ ನನಗೆ ಅನುಮಾನವಿತ್ತು. ಕಲಿಸುವುದು ಪುಕ್ಕಟೆ, ಬೂಟು ಪುಕ್ಕಟೆ, ಮಧ್ಯಾಹ್ನದ ಅನ್ನವೂ ಪುಕ್ಕಟೆ. ಬೂಟಿನ ಮೇಲೆ ಟೈಲ್ಸ್ ಅಂಟು ತಯಾರಿಸುವ ಕಂಪನಿಯ ಹೆಸರು. ಕಲಿಸುವವರು ಗಡಿಯಾಚೆಯ ಟೋಗೋದ ಮೇಸ್ತ್ರಿ. ಇಲ್ಲಿ ಯಾರು ಮನೆ ಕಟ್ಟಿಸಿದರೂ ನೆಲಕ್ಕೆ ಮಾತ್ರ ಟೋಗೋದವರನ್ನೇ ಕರೆಯುತ್ತಾರೆ. ಹಾಗಿರುವಾಗ ಈ ಮನುಷ್ಯ ತನ್ನೂರಿನವರ ಅನ್ನಕ್ಕೆ ತಾನೇ ಯಾಕೆ ಕಲ್ಲು ಹಾಕುತ್ತಾರೆ? ಮೊದಲ ತಿಂಗಳು ಪೂರ್ತಿ ಅವರು ನಮ್ಮಿಂದ ಮರಳು ಜರಡಿ ಹಿಡಿಸಿದರು, ರಸಮಟ್ಟದ ಗುಳ್ಳೆ ನೋಡುವುದನ್ನು ಕಲಿಸಿದರು. ನಿಜವಾದ ವಿದ್ಯೆಯನ್ನು ಬಚ್ಚಿಟ್ಟುಕೊಂಡಿದ್ದಾರೆ ಎಂದು ನಾನು ಅಕೊರ್ಫಾಗೆ ಹೇಳಿದೆ. ಹನ್ನೆರಡು ಜನರಲ್ಲಿ ಹುಡುಗಿಯರೆಂದರೆ ಅವಳು ಮತ್ತು ನಾನು ಇಬ್ಬರೇ.

ಆಮೇಲೆ ಅಂಟಿನ ವಿಷಯ ಬಂತು. ನಮ್ಮ ಕಡೆ ಎಲ್ಲರೂ ಟೈಲ್ಸಿನ ಬೆನ್ನಿಗೆ ಐದು ಗುಪ್ಪೆ ಅಂಟು ಹಾಕಿ ಕೂರಿಸುವುದನ್ನು ನೀನೂ ನೋಡಿದ್ದೀಯ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಬೇಗ ಮುಗಿಯುತ್ತದೆ, ಒಂದು ಕೋಣೆಗೆ ಒಂದು ಚೀಲ ಸಾಕು. ಮೇಸ್ತ್ರಿ ಅದನ್ನು ಕಂಡರೆ ಉರಿದುಬೀಳುತ್ತಾರೆ. ಹಲ್ಲಿನ ಕರಣೆಯಿಂದ ನೆಲದ ತುಂಬ ಅಂಟು ಬಾಚಬೇಕು, ಟೈಲ್ಸಿನ ಬೆನ್ನಿಗೂ ಸವರಬೇಕು, ಒಂದು ಬೆರಳಿನಷ್ಟೂ ಜಾಗ ಖಾಲಿ ಉಳಿಯಬಾರದು. ಅದಕ್ಕೆ ಮೂರು ಚೀಲ ಬೇಕು. ಅಂಟಿನ ಕಂಪನಿ ಬೂಟು ಕೊಡುತ್ತದೆ, ಅಂಟಿನ ಕಂಪನಿಯ ಮೇಸ್ತ್ರಿ ಒಂದರ ಜಾಗದಲ್ಲಿ ಮೂರು ಚೀಲ ಸುರಿಯಲು ಕಲಿಸುತ್ತಾರೆ. ಬಡವರ ಮನೆ ಕಟ್ಟುವ ಖರ್ಚು ಹೀಗೇ ಏರುತ್ತದೆ ಎಂದು ನಾನು ಲಾರಿ ನಿಲ್ದಾಣದಲ್ಲಿ ಕೊಂಡ ಕರಪತ್ರಗಳಲ್ಲಿ ಓದಿದ್ದೆ. ಈಗ ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಎಲ್ಲರ ಮುಂದೆ ಎದ್ದು ನಿಂತು ಕೇಳಿದೆ.

“ಮೇಸ್ತ್ರಿ, ನಿಮ್ಮಪ್ಪ ಹೇಗೆ ಹಾಕ್ತಿದ್ರು?”

“ಐದು ಗುಪ್ಪೆ.”

“ಆ ನೆಲ ಎಲ್ಲಾ ಕಿತ್ಕೊಂಡು ಹೋದ್ವಾ?”

“ನಮ್ಮಪ್ಪನೇ ಹೋಗ್ಬಿಟ್ರು ಮಗಳೇ, ಯಾರನ್ನ ಕೇಳಲಿ?”

ಎಲ್ಲರೂ ನಕ್ಕರು. ಉತ್ತರ ಇಲ್ಲದವರು ನಗಿಸುತ್ತಾರೆ ಎಂದು ನನಗೆ ಆಗ ಖಾತ್ರಿಯಾಯಿತು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ದಿನಾ ಕೆಲಸ ಮುಗಿದ ಮೇಲೆ ಖಾಲಿ ಅಂಟಿನ ಚೀಲಗಳನ್ನೆಲ್ಲ ಕೊಡವಿ, ಮಡಚಿ, ಬೈಕಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಒಂದನ್ನೂ ಯಾರಿಗೂ ಬಿಡುತ್ತಿರಲಿಲ್ಲ. ಹಿಂದಿನ ವಾರ ನಾನೂ ಅಕೊರ್ಫಾನೂ ಬಾಡಿಗೆ ಬೈಕಿನಲ್ಲಿ ಅವರ ಹಿಂದೆ ಹೋದೆವು. ಸಿಮೆಂಟ್ ಅಂಗಡಿಯ ಮಗ್ಗುಲಲ್ಲಿ ಕಂಪನಿಯ ಪಿಕಪ್ ನಿಂತಿತ್ತು. ಮೇಸ್ತ್ರಿ ಚೀಲದ ಕಟ್ಟು ಕೊಟ್ಟರು, ಪಿಕಪ್‌ನವನು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟ. ಮರುದಿನ ಪೆಟ್ಟಿಗೆಯಲ್ಲಿ ಏನಿತ್ತೆಂದು ನೇರವಾಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ.

“ಹೌದು, ಇಷ್ಟು ಚೀಲಕ್ಕೆ ಇಷ್ಟು ಅಂತ ಏನಾದ್ರೂ ಕೊಡ್ತಾರೆ. ನಾನು ತಗೋತೀನಿ. ಅಷ್ಟಕ್ಕೆ ಅಂಟು ಸುಳ್ಳಾಗುತ್ತಾ?”

ತಾನೇ ಒಪ್ಪಿಕೊಂಡ ಮೇಲೆ ಬೇರೆ ಸಾಕ್ಷಿ ಯಾಕೆ ಬೇಕು ಅವ್ವ? ಪರೀಕ್ಷೆಗೆ ನನಗೆ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೋಣೆ ಕೊಟ್ಟಿದ್ದರು, ನಲವತ್ತೆರಡು ಟೈಲ್ಸು. ಸೋಮವಾರ ಇಡೀ ಕೋಣೆಯನ್ನು ಐದು ಗುಪ್ಪೆಯಲ್ಲಿ ಮುಗಿಸಿದೆ. ಎರಡು ಚೀಲ ಉಳಿಸಿ ಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದೆ. ಅಕೊರ್ಫಾ ಹಣೆ ಚಚ್ಚಿಕೊಂಡಳು.

“ಸೆಫಾ, ಆ ಕರಪತ್ರ ಬರೆದೋರು ಯಾವತ್ತಾದ್ರೂ ಮಂಡಿ ಊರಿ ಒಂದು ಟೈಲ್ಸ್ ಹಾಕಿದಾರೇನೇ?”

ನಿನ್ನೆ ಬೆಳಿಗ್ಗೆ ಮೇಸ್ತ್ರಿ ಬಂದರು. ಚೀಲಗಳನ್ನು ನೋಡಿದರು. ಕುಕ್ಕರಗಾಲಲ್ಲಿ ಕೂತು ಕರಣೆಯ ಹಿಡಿಯಿಂದ ಒಂದೊಂದೇ ಟೈಲ್ಸ್ ತಟ್ಟುತ್ತ, ತಲೆ ಓರೆ ಮಾಡಿ ಕೇಳುತ್ತ ಹೋದರು. ಇದನ್ನು ಅವರು ದಿನಾ ಮಾಡುತ್ತಾರೆ. ನಮ್ಮನ್ನು ಹೆದರಿಸುವ ನಾಟಕ ಎಂದೇ ನಾನು ತಿಳಿದಿದ್ದೆ. ಮೂರನೆಯ ಸಾಲಿನಲ್ಲಿ ನಿಲ್ಲಿಸಿ ಕರಣೆಯನ್ನು ನನ್ನ ಕೈಗೆ ಕೊಟ್ಟರು.

“ನೀನೇ ತಟ್ಟು.”

ತಟ್ಟಿದೆ. ಟಕ್ ಅಂತು. ನಾಲ್ಕು ಬೆರಳು ಆಚೆ ತಟ್ಟಿದೆ. ಡಬ್ ಅಂತು. ಕೆಳಗಿನ ಮಣ್ಣೇ ಸಡಿಲವಾಗಿರಬೇಕು ಎಂದೆ. ಅವರು ವಾದ ಮಾಡಲಿಲ್ಲ. ಹೊರಗೆ ಇಳಿಸಿಟ್ಟಿದ್ದ ಆಮ್ಲಜನಕದ ಸಿಲಿಂಡರನ್ನು ಇಬ್ಬರು ಹುಡುಗರಿಂದ ತರಿಸಿದರು.

“ನರ್ಸಮ್ಮ ಎಷ್ಟು ಜೋರಾಗಿ ಇಡ್ತಾರೋ ಅಷ್ಟೇ. ಎತ್ತಿ ಹಾಕ್ಬೇಡಿ.”

ಹುಡುಗರು ಹಾಗೇ ಇಟ್ಟರು. ಟೈಲ್ಸಿನ ಅಂಚು ಬಿಸ್ಕತ್ತಿನ ಹಾಗೆ ಮುರಿಯಿತು. ಸಿಲಿಂಡರ್ ವಾಲಿತು, ಹುಡುಗರು ತಬ್ಬಿ ಹಿಡಿದರು. ಮುರಿದ ತುಂಡಿನ ಕೆಳಗೆ ನನ್ನ ಎರಡು ಗುಪ್ಪೆಗಳ ನಡುವೆ ಬರೀ ಗಾಳಿಯಿತ್ತು. ಮೇಸ್ತ್ರಿ ಬೇಕೆಂದೇ ಆ ಜಾಗ ಆರಿಸಿದರು ಎಂದು ಅಕೊರ್ಫಾಗೆ ಹೇಳಿದೆ. ಆದರೆ ಟೈಲ್ಸಿನ ಕೆಳಗೆ ಮುಚ್ಚಿಹೋಗಿರುವ ಟೊಳ್ಳನ್ನು ಅವರು ಹೇಗೆ ಆರಿಸಿಯಾರು, ಕೇಳಿಸಿಕೊಂಡೇ ತಾನೆ? ಅಷ್ಟನ್ನು ನಾನು ಒಪ್ಪಬೇಕಾಗಿದೆ.

“ಎಲ್ಲಾ ಎತ್ತು,” ಎಂದರು. “ನಾಡಿದ್ದು ಸಂಜೆ ನಾನು ಬರೋ ಹೊತ್ತಿಗೆ ಹೊಸದಾಗಿ ಕೂತಿರ್ಬೇಕು. ಇಲ್ಲ ಅಂದ್ರೆ ನಿಮ್ಮವ್ವಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ಲಿ.” ಬಾಗಿಲ ತನಕ ಹೋದವರು ತಿರುಗಿ, “ಬೇರೆ ಎಲ್ಲಾದ್ರೂ ಹಿಂಗೆ ಹಾಕಿದೀಯಾ?” ಎಂದು ಕೇಳಿದರು.

ಇಲ್ಲ ಎಂದೆ.

ಯಾಕೆ ಹಾಗೆ ಕೇಳಿದರೋ. ಅವರು ನನ್ನನ್ನು ಓಡಿಸಿಬಿಡಬಹುದಿತ್ತು. ಅದರ ಬದಲು ಮುರಿದದ್ದಕ್ಕೆ ಹೊಸ ಟೈಲ್ಸು, ಒಂದು ಹೊಸ ಚೀಲ ಅಂಟು ತಂದಿಟ್ಟು ಹೋಗಿದ್ದಾರೆ. ನಾನು ಉಳಿಸಿದ ಎರಡೂ ಸೇರಿ ಮೂರು. ಅಂದರೆ ಅವರಿಗೆ ಮೂರು ಖಾಲಿ ಚೀಲ. ಈ ದಯೆಯನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ. ಕಂಪನಿಯನ್ನಂತೂ ನಂಬುವುದೇ ಇಲ್ಲ. ಅಂಟಿನ ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ತಪ್ಪಿದ್ದನ್ನು ತಪ್ಪಿದೆ ಎನ್ನದಿದ್ದರೆ ನಾನು ಓದಿದ್ದೆಲ್ಲ ಬರೀ ಕಾಗದ.

ನಿನ್ನೆಯಿಂದ ಎಲ್ಲ ಎತ್ತಿ, ಗುಪ್ಪೆ ಕೆರೆದು, ಇವತ್ತು ಬೆಳಿಗ್ಗೆಯಿಂದ ಇಪ್ಪತ್ತೆಂಟು ಕೂರಿಸಿದ್ದೇನೆ. ಹದಿನಾಲ್ಕು ಬಾಕಿ. ಅಕೊರ್ಫಾ ತನ್ನ ಕೋಣೆ ಮುಗಿಸಿ ಬಂದು ನನಗೆ ಅಂಟು ಕಲಸಿ ಕೊಡುತ್ತಿದ್ದಾಳೆ, ಬಾಯಿಗೆ ಮಾತ್ರ ಬಿಡುವಿಲ್ಲ. ಮಂಡಿ ಸುಲಿದಿದೆ. ನಾಳೆ ಸಂಜೆ ಅವರು ತಟ್ಟುವಾಗ ನಾನೂ ಪಕ್ಕದಲ್ಲಿ ಕೂತು ಕೇಳುತ್ತೇನೆ.

ಎಡೆಮ್‌ಗೆ ನನ್ನ ಪ್ರೀತಿ ಹೇಳು. ನನ್ನ ಮೇಲೆ ಸಿಟ್ಟಾದರೂ ಊಟ ಬಿಡಬೇಡ.

ನಿನ್ನ ಹಟಮಾರಿ ಮಗಳು,
ಸೆಫಾಕೊರ್

ತಾ.ಕ.: ಮೇಸ್ತ್ರಿಗೆ ನಾನು ಹೇಳಿದ್ದು ಸುಳ್ಳು. ನಿನ್ನ ಅಂಗಡಿಯ ನೆಲ ಬಾಗಿಲಿಂದ ಒಲೆಯವರೆಗೂ ಐದು ಗುಪ್ಪೆಯದೇ. ಎರಡೇ ದಿನದಲ್ಲಿ ಮುಗಿಸಿ ನಿನ್ನ ಮುಂದೆ ಮೆರೆಯಬೇಕಿತ್ತು. ಆ ಡೋಲಿನ ಸದ್ದು ಟೊಳ್ಳಿನದು. ಒರಳಿನ ಕೆಳಗೆ ಟೈಲ್ಸ್ ಮುರಿದರೆ ಒರಳು ವಾಲುತ್ತದೆ, ಎಡೆಮ್‌ನ ಒನಕೆ ಬರುವ ಹೊತ್ತಿಗೆ ಫುಫು ಮಗುಚುವ ನಿನ್ನ ಕೈ ಅದರೊಳಗಿರುತ್ತದೆ. ನಿನ್ನೆಯಿಂದ ಎರಡು ಸಲ ಫೋನ್ ಮಾಡಿದೆ, ನೀನು ಎತ್ತಿದ ಕೂಡಲೇ ನಾನೇ ಇಟ್ಟುಬಿಟ್ಟೆ. ಕೊನೆಗೆ ಎಡೆಮ್‌ಗೆ ಫೋನ್ ಮಾಡಿ ಇವತ್ತು ಕುಟ್ಟಬೇಡ ಎಂದೆ, ಕಾರಣ ಹೇಳಲಿಲ್ಲ. ನಾನು ಹೇಳಿದ ಹಾಗೆ ಸೆಲೊರ್ಮ್ ಅಣ್ಣ ಈ ಕಾಗದ ಕೊಡುವ ಮೊದಲೇ ಒರಳನ್ನು ಎತ್ತಿ ಅಂಗಳಕ್ಕೆ ಸಾಗಿಸಿರುತ್ತಾನೆ, ಅವನಿಗೂ ಕಾರಣ ಗೊತ್ತಿಲ್ಲ. ನಾಳೆ ಪಾಸಾದರೂ ಫೇಲಾದರೂ ಸೋಮವಾರ ಹಲ್ಲಿನ ಕರಣೆ ಹಿಡಿದು ಬರುತ್ತೇನೆ. ನಿನ್ನ ನೆಲಕ್ಕೂ ಮೂರು ಚೀಲ ಬೇಕು. ಖಾಲಿಯಾದ ಮೇಲೆ ಎಡೆಮ್ ಅವನ್ನು ಎಸೆಯದಂತೆ ನೋಡಿಕೋ, ಮೇಸ್ತ್ರಿಗೆ ಒಯ್ದು ಕೊಡಬೇಕು. ಆ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ಅವತ್ತು ಅವರನ್ನು ಮತ್ತೆ ಕೇಳುತ್ತೇನೆ.