ಎಮ್ಮೆ ಕುಡಿದ ಬಸ್ಸಾರು

ಚಿನಕುರಳಿ
10 ಆಗಸ್ಟ್ 2025

ಪ್ರೀತಿಯ ಅಮ್ಮನಿಗೆ ರಂಜನಿ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನಮ್ಮ ಮನೆಗೆ ಬಾ ಅಂದ ಕೂಡಲೇ ನೀನು ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತೀಯ. ದಿನಕ್ಕೆಷ್ಟು ಸಲ ಉಕ್ಕುತ್ತದಮ್ಮ ಆ ಹಾಲು? ಬೇರೆ ಜಾತಿಯವರನ್ನು ಮದುವೆಯಾದೆನೆಂದು ಅಪ್ಪನಿಗೆ ಕೋಪ, ಅವರು ಬಾರದ ಮನೆಗೆ ನೀನು ಬರುವುದಿಲ್ಲ. ಅದು ನನಗೆ ಗೊತ್ತು. ಆದರೂ ಕರೆಯುವುದನ್ನು ಬಿಡಲಾರೆ, ಅದಕ್ಕೇ ಈ ಕಾಗದ.

ಮೊದಲು ನನ್ನ ಮಾನ ಹೋದ ಕಥೆ ಕೇಳು. ಮಂಗಳವಾರ ನಮ್ಮ ಗದ್ದೆಯಲ್ಲಿ ಭತ್ತದ ನಾಟಿ. ನಾಟಿ ಹಾಕುವ ಹೆಂಗಸರಿಗೆಲ್ಲ ಮುದ್ದೆ, ಬಸ್ಸಾರು ಆಗಬೇಕು. ಮದುವೆಯಾದ ಎಂಟು ತಿಂಗಳಲ್ಲಿ ಮೊದಲ ಸಲ ಅತ್ತೆ ಪುಟ್ಟಗೌರಮ್ಮನವರು ಒಲೆಯನ್ನು ನನಗೆ ಬಿಟ್ಟು ಗದ್ದೆಗೆ ಹೋದರು. ನಾನು ತೊಗರಿಬೇಳೆ, ದಂಟಿನ ಸೊಪ್ಪು ಹದವಾಗಿ ಬೇಯಿಸಿ ಬಸಿದೆ. ಪಲ್ಯಕ್ಕೆ ಬಸಿದ ನೀರನ್ನು ನೀನು ತುಳಸಿಗಿಡದ ಪಕ್ಕದ ಮಲ್ಲಿಗೆಗೆ ಹಾಕುತ್ತೀಯಲ್ಲ, ಅದೇ ರೂಢಿಯಲ್ಲಿ ಪಾತ್ರೆಯಷ್ಟೂ ನೀರನ್ನು ಆರಿಸಿ ಎಮ್ಮೆಗೆ ಕುಡಿಯಲು ಇಟ್ಟಿದ್ದ ಬಾನಿಗೆ ಸುರಿದುಬಿಟ್ಟೆ.

ಅತ್ತೆ ಬಂದವರೇ "ಬಸ್ದಿದ್ ಕಟ್ಟು ಎಲ್ಲವ್ವ?" ಅಂದರು. ಆ ನೀರೇ ಸಾರಾಗಬೇಕಿತ್ತಂತೆ! ಎಂಟು ತಿಂಗಳು ಬಡಿಸಿದಷ್ಟನ್ನೂ ತಿಂದೆನೇ ಹೊರತು ಹೇಗೆ ಮಾಡುತ್ತಾರೆಂದು ನೋಡಿಯೇ ಇರಲಿಲ್ಲ. ನಾನು ಅತ್ತುಬಿಟ್ಟೆ. ಅತ್ತೆ ಬಾನಿ ನೋಡಿದರು, ನನ್ನ ಮುಖ ನೋಡಿದರು, ಸೆರಗು ಬಾಯಿಗಿಟ್ಟು ನಗತೊಡಗಿದರು.

"ಬುಡವ್ವ, ಎಮ್ಮೆನೂ ಒಂದಿನ ಬಸ್ಸಾರು ಕುಡೀಲಿ" ಅಂದು, ಬೆಂದ ಬೇಳೆ ಸೊಪ್ಪನ್ನೆಲ್ಲ ಮಸೆದು, ಖಾರ ರುಬ್ಬಿ ಹಾಕಿ ಮಸ್ಸೊಪ್ಪು ಮಾಡಿದರು. ಮುದ್ದೆಯನ್ನು ಮಾತ್ರ ನನ್ನ ಕೈಯಲ್ಲೇ ಕಟ್ಟಿಸಿದರು. ಅಂಗೈ ಸುಟ್ಟರೂ ಒಂದೂ ಗಂಟಾಗಲಿಲ್ಲ! ಬದುವಿನ ಮೇಲೆ ಕೂತು ಉಂಡ ಹೆಂಗಸರು ಯಾರು ಮಾಡಿದ್ದೆಂದು ಕೇಳಿದರೆ, ಅತ್ತೆ "ನಮ್ ಸೊಸೆ ಕಣ್ರವ್ವ" ಅಂದರು. ಎಮ್ಮೆಯ ವಿಷಯ ಇಂದಿಗೂ ಬಾಯಿ ಬಿಟ್ಟಿಲ್ಲ.

ಇಲ್ಲಿ ನಾನು ತುಂಬಾ ಖುಷಿಯಾಗಿದ್ದೇನಮ್ಮ. ಬಸ್ಸು ಹತ್ತಿದರೆ ಗಂಟೆಯೊಳಗಿನ ದಾರಿ. ಒಂದು ಸಲ ಬಾ, ನನ್ನ ಕೈಯಾರೆ ನಿನಗೆ ಬಡಿಸಬೇಕು.

ನಿನ್ನ ಮಗಳು
ರಂಜನಿ

ಹೇಳಬೇಕೋ ಬೇಡವೋ ಎಂದು ಯೋಚಿಸಿ ಕಡೆಗೆ ಬರೆಯುತ್ತಿದ್ದೇನೆ: ಮಂಗಳವಾರ ಅಪ್ಪನೂ ಅದೇ ಬದುವಿನ ಮೇಲೆ ಕೂತು ಉಂಡರು. ಈ ಕಡೆ ಏನೋ ಕೆಲಸವಿತ್ತಂತೆ, ಸ್ಕೂಟರಿನಲ್ಲಿ ಬಂದಿದ್ದರು. ಬೆಳ್ಳುಳ್ಳಿ ಹಾಕಿದೆ ಅಪ್ಪಾ ಎಂದರೆ ಕೇಳಿಸದವರ ಹಾಗೆ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದರು. ನಿನ್ನನ್ನು ಬಿಟ್ಟು ಉಂಡರೆಂದು ತಿಳಿದರೆ ನೀನು ರಂಪ ಮಾಡುತ್ತೀಯಂತೆ, ಹೇಳಬೇಡ ಅಂದಿದ್ದಾರೆ. ಅದಕ್ಕೇ ಹಿಂದಿನ ಮೂರು ಸಲವೂ ನಾನು ಹೇಳಿರಲಿಲ್ಲ.